ಗಾಳಿಗೆ ಎದುರಾದ ಬಾಗಿಲು

"ಅಮ್ಮಾ, ನಿನ್ನ ಕಣ್ಣು ಪೂರ್ತಿ ಹೋಗೋದ್ರೊಳಗೆ ನೀನು ಹುಟ್ಟಿದ ಮನೆ ತೋರಿಸ್ತೀನಿ" ಎಂದು ಅಣ್ಣ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಮನೆಯಿದ್ದದ್ದು ದ್ವೀಪಗಳ ಸಾಲಿನ ತುತ್ತತುದಿಯಲ್ಲಿ. ದೋಣಿಯಲ್ಲಿ ಒಂದು ತಾಸಿನ ದಾರಿ. ದೋಣಿ ಅಣ್ಣನದೇ. ಅದರಲ್ಲಿ ಪ್ರವಾಸಿಗರಿಗೆ ಜಾಗವಿತ್ತು, ಅವರ ಹಾಯಿ ಕಟ್ಟಿದ ಸರ್ಫಿಂಗ್ ಹಲಗೆಗಳಿಗೆ ಜಾಗವಿತ್ತು, ಹೆತ್ತವಳಿಗೆ ಮಾತ್ರ ಇರಲಿಲ್ಲ. 'ಈ ಸೀಸನ್ ಮುಗೀಲಿ' ಅನ್ನುವುದರಲ್ಲೇ ಹೋದ ವರ್ಷ ಅಮ್ಮನ ಎರಡೂ ಕಣ್ಣು ಮುಗಿದವು.

ತಂಗಿಗೆ ಇದು ಹೊಟ್ಟೆಯೊಳಗಿನ ಕೆಂಡ. ಬೀಚಿನ ಮೇಲಿದ್ದ ಅಣ್ಣನ ಅಂಗಡಿಯಲ್ಲಿ ಆ ಹಲಗೆಗಳ ಹರಿದ ಹಾಯಿಗಳಿಗೆ ತೇಪೆ ಹಾಕುವವಳು ಅವಳೇ. ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ ಶಾಪ ಅವನ ಪಾಲಿಗೆ.

ಅಂಥ ಅಣ್ಣ ಒಂದು ಬೆಳಿಗ್ಗೆ ತಾನಾಗಿಯೇ ಬಂದ. "ಅಮ್ಮನ್ನ ರೆಡಿ ಮಾಡೇ. ಇವತ್ತು ಹೋಗೋಣ."

"ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

"ನಿನ್ನ ನಾಲಿಗೆಗೂ ಒಂದು ತೇಪೆ ಹಾಕ್ಕೋ."

ಅಮ್ಮ ನಕ್ಕಳು. ದೋಣಿ ಹೊರಟು ಅಲೆಗಳು ಮುಖಕ್ಕೆ ಉಪ್ಪುನೀರು ಎರಚಿದಾಗಲೂ ನಗುತ್ತಲೇ ಇದ್ದಳು. ತಂಗಿಯ ಕಣ್ಣು ಮಾತ್ರ ದೋಣಿಯಲ್ಲಿದ್ದ ಆರು ಮಂದಿ ಪ್ರವಾಸಿಗರ ಮೇಲಿತ್ತು. ಅವರೇಕೆ ಬಂದರೆಂದು ದಡ ಹತ್ತಿದ ಮೇಲೆ ತಿಳಿಯಿತು.

ಅಲ್ಲಿ 'ಪಾರಂಪರಿಕ ಮನೆ' ಎಂಬ ಫಲಕ. ಅಣ್ಣ ಕೈಯೆತ್ತಿ ಸಾರಿದ: "ಇವರು ಇದೇ ಮನೇಲಿ ಹುಟ್ಟಿದವರು! ಏನು ಬೇಕಾದ್ರೂ ಕೇಳಿ, ಫೋಟೋ ತಗೊಳ್ಳಿ."

ತಂಗಿಯ ಮೈ ಉರಿದುಹೋಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಮುಖ ಮಾಡಿ ಹೊಸ್ತಿಲ ಮೇಲೆ ನಿಂತಿದ್ದ ಅಮ್ಮ ಕೇಳಿದಳು: "ಗಾಳಿ ಯಾಕೋ ನನ್ನ ಬೆನ್ನಿಗೆ ಹೊಡೀತಿದೆ?"

"ಸಮುದ್ರ ಅಲ್ವೇನಮ್ಮಾ, ಗಾಳಿ ಇರತ್ತೆ."

"ನನಗೆ ಗಾಳಿ ಪಾಠ ಹೇಳ್ಬೇಡ. ಇಲ್ಲಿ ಎಂಥ ಹುಚ್ಚನೂ ಕಡಲ ಗಾಳಿಗೆ ಬಾಗಿಲು ಇಡಲ್ಲ. ನಮ್ಮ ಬಾಗಿಲು ಗುಡ್ಡದ ಕಡೆಗಿತ್ತು. ಇದು ಯಾರ ಮನೆಯೋ?"

ಅಣ್ಣ ಚಪ್ಪಲಿಯ ಮರಳು ಕೊಡವತೊಡಗಿದ. ಉತ್ತರ ಕೊಟ್ಟವನು ಆ ಮನೆಯ ಕಾವಲುಗಾರ. "ಹಳೇದನ್ನ ಕೆಡವಿ ನಾಲ್ಕು ವರ್ಷ ಆಯ್ತಮ್ಮ. ಕಡಲು ಕಾಣ್ಲಿ ಅಂತ ಈ ಕಡೆ ತಿರುಗಿಸಿ ಕಟ್ಟಿದ್ರು. ಕಲ್ಲು ಬಂದಿದ್ದೂ ನಿಮ್ಮ ಮಗನ ದೋಣೀಲೇ."

"ಕಣ್ಣಿಲ್ಲದೋಳಿಗೆ ಯಾವ ಗೋಡೆಯಾದ್ರೇನು ಅಂದ್ಕೊಂಡ್ಯೇನೋ?" ತಂಗಿ ಕಿರುಚಿದಳು. ಪ್ರವಾಸಿಯೊಬ್ಬ ಮೆಲ್ಲಗೆ ಕ್ಯಾಮೆರಾ ಇಳಿಸಿದ. "ಒಂಬತ್ತು ವರ್ಷ ಕಾಯಿಸಿ, ಕೊನೆಗೆ ಹೆತ್ತೋಳನ್ನೇ ಬೊಂಬೆ ಮಾಡಿ ನಿಲ್ಲಿಸಿದ್ಯಲ್ಲ, ಥೂ!"

"ಅಮ್ಮಂಗೆ ಖುಷಿಯಾಗ್ಲಿ ಅಂತ..."

"ನಡಿಯೇ" ಎಂದಳು ಅಮ್ಮ, ಮಗಳ ತೋಳು ತಡಕಿ ಹಿಡಿದು. ಮಗ ಚಾಚಿದ ಕೈ ಅವಳಿಗೆ ಕಾಣಲಿಲ್ಲ. ತಂಗಿ ಹೇಳಲೂ ಇಲ್ಲ.

ಅಮ್ಮ ಹುಟ್ಟಿದ ಮನೆಯನ್ನು ಅಣ್ಣ ತೋರಿಸಲಿಲ್ಲ.