ನಿಧಾನದ ಡಬ್ಬಿ

ನಮ್ಮ ಸ್ಟೋರಿನ ಬಾಗಿಲ ಹಿಂದೆ ನನ್ನದೇ ಕೈಬರಹದ ಒಂದು ಚೀಟಿ ಅಂಟಿದೆ: ಒಂದು ಡಬ್ಬಿಯ ಗುಂಡು ಇನ್ನೊಂದು ಡಬ್ಬಿಗೆ ಹೋಗಕೂಡದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅದನ್ನು ಓದಿಸಿ ಓದಿಸಿ ಹದಿನಾರು ವರ್ಷದಿಂದ ತಲೆ ತಿಂದವಳು ನಾನು. ಅದನ್ನು ಮುರಿದವಳೂ ನಾನೇ.

ನಮ್ಮದು ಇಲಿ ಹೆಗ್ಗಣಗಳ ಕಾಟ ತಪ್ಪಿಸುವ ಕಂಪನಿ. ಪ್ರಾಣಿಗಳ ಮೇವಿರುವ ಕಡೆ ವಿಷ ಇಡುವಂತಿಲ್ಲ, ಅಲ್ಲಿಗೆ ಬಂದೂಕು ಹೋಗುತ್ತದೆ. ಬಂದೂಕು ಹಿಡಿಯುವವನು ನನ್ನ ಸ್ವಂತ ಅಣ್ಣ. ಆಫೀಸಿನಲ್ಲಿ ಅವನಿಗೆ ಇಲಿಯಣ್ಣ ಎಂದೇ ಹೆಸರು, ಅವನೂ ಹಾಗೆ ಕರೆದರೇ ತಿರುಗಿ ನೋಡುತ್ತಾನೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಆದರೆ ಗುರಿ ಮಾತ್ರ ಇವತ್ತಿಗೂ ಕೂದಲೆಳೆ ಆಚೀಚೆ ಆಗುವುದಿಲ್ಲ.

ಅವನು ಬಳಸುವುದು ರಿಮ್‌ಫೈರ್ ಗುಂಡು. ಕಿರುಬೆರಳಿಗಿಂತ ಚಿಕ್ಕದು. ಬಂದೂಕಿನ ಸೂಜಿ ಅದರ ತಳದ ಅಂಚಿಗೆ ಬಡಿದರೆ ಸಾಕು, ಹಾರುತ್ತದೆ. ಅದರಲ್ಲಿ ಎರಡು ಜಾತಿ. ಸಬ್‌ಸಾನಿಕ್ ಎಂದರೆ ಶಬ್ದಕ್ಕಿಂತ ನಿಧಾನವಾಗಿ ಹೋಗುವುದು, ಸೂಪರ್‌ಸಾನಿಕ್ ಎಂದರೆ ಶಬ್ದವನ್ನೇ ಹಿಂದೆ ಹಾಕಿ ಹೋಗುವುದು. ಸ್ಟೋರಿನಲ್ಲಿ ಅಷ್ಟುದ್ದ ಹೆಸರು ಯಾರು ಹೇಳುತ್ತಾರೆ? ನಮಗೆ ಒಂದು ನಿಧಾನದ್ದು, ಒಂದು ವೇಗದ್ದು. ಸೈಲೆನ್ಸರ್ ಹಾಕಿದರೆ ಎಲ್ಲವೂ ಸುಮ್ಮನಾಗುತ್ತವೆ ಎಂದು ಸಿನಿಮಾ ನೋಡಿದವರು ತಿಳಿದಿರುತ್ತಾರೆ. ಅದೆಲ್ಲ ಬರೀ ಸುಳ್ಳು. ಸೈಲೆನ್ಸರ್ ಅಡಗಿಸುವುದು ನಳಿಗೆಯ ಬಾಯಿಯ ಸದ್ದನ್ನು ಮಾತ್ರ. ವೇಗದ ಗುಂಡು ಹೋದ ದಾರಿಯುದ್ದಕ್ಕೂ ಗಾಳಿಯೇ ಚಟೀರ್ ಎನ್ನುತ್ತದೆ, ಅದರ ಬಾಯಿ ಮುಚ್ಚಿಸುವ ಸಾಧನ ಯಾರ ಬಳಿಯೂ ಇಲ್ಲ. ನಿಧಾನದ್ದಾದರೆ ಬಾಗಿಲ ಚಿಲಕ ಹಾಕಿದಷ್ಟು ಸದ್ದು.

ಕುದುರೆ ಸವಾರಿ ಶಾಲೆಯವರಿಗೆ ಅಣ್ಣ ಹೇಳಿದ್ದೂ ಅದನ್ನೇ. ಅವರ ಮೇವಿನ ಕೋಣೆಯಲ್ಲಿ ಹೆಗ್ಗಣ ಮಿತಿಮೀರಿದ್ದವು. ಕೋಣೆಯ ಗೋಡೆಗೆ ಒತ್ತಿಕೊಂಡೇ ಸವಾರಿಯ ಅಂಗಳ. ಪಾಠ ನಿಲ್ಲಿಸಬೇಕೇ ಎಂದು ಅಲ್ಲಿ ಸವಾರಿ ಕಲಿಸುವ ಹುಡುಗಿ ಕೇಳಿದಾಗ, ಏನೂ ಬೇಡಮ್ಮ, ನಿನ್ನ ಕುದುರೆಗೆ ಗೊತ್ತೂ ಆಗುವುದಿಲ್ಲ ಎಂದನಂತೆ. ಎರಡು ದಿನ ಗೊತ್ತಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದನೆಯ ಗುಂಡಿಗೆ ರಸ್ತೆಯವರೆಗೂ ಚಟೀರೆಂದು ಕೇಳಿಸಿತು. ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತು. ಹುಡುಗಿ ಬೇಲಿಯ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೊದಲಿನಂತೆ ನಡೆಯುತ್ತಾಳೋ ಇಲ್ಲವೋ, ಡಾಕ್ಟರು ಇನ್ನೂ ಹೇಳುತ್ತಿಲ್ಲ.

ಮಧ್ಯಾಹ್ನ ಅಣ್ಣ ಒಯ್ದಿದ್ದ ನಿಧಾನದ ಡಬ್ಬಿ ನನ್ನ ಸ್ಟೋರಿಗೆ ವಾಪಸು ಬಂತು. ಮುಚ್ಚಳ ತೆಗೆದೆ. ಬೂದು ಬಣ್ಣದ ಸೀಸದ ತುದಿಗಳ ಸಾಲಿನಲ್ಲಿ ಎರಡು ತಾಮ್ರದ ಬಣ್ಣದವು ಮಿನುಗುತ್ತಿದ್ದವು. ನಮ್ಮಲ್ಲಿ ತಾಮ್ರದ ಲೇಪ ಇರುವುದು ವೇಗದ್ದಕ್ಕೆ ಮಾತ್ರ.

ಹೇಗೆ ಬಂದವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಂದಿನ ವಾರ ಇನ್‌ಸ್ಪೆಕ್ಷನ್ ಇತ್ತು. ತುಂಬಿದ ಡಬ್ಬಿಯಾದರೆ ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದರೆ ಮುಗಿಯಿತು, ಬಿಡಿ ಗುಂಡುಗಳಾದರೆ ಒಂದೊಂದಕ್ಕೂ ಒಂದೊಂದು ಸಾಲು. ಒಂದು ನಿಧಾನದ ಡಬ್ಬಿಯಲ್ಲಿ ನಲವತ್ತೇಳಿದ್ದವು. ಇನ್ನು ಮೂರು ಹಾಕಿದರೆ ಐವತ್ತು ತುಂಬಿ, ನಲವತ್ತೇಳು ಸಾಲು ಬರೆಯುವ ಕೆಲಸ ತಪ್ಪುತ್ತಿತ್ತು. ಎರಡೂ ಜಾತಿಯ ಬಿಡಿ ಗುಂಡುಗಳನ್ನು ಹಾಕಿಡುವ ಡ್ರಾಯರಿಗೆ ಕೈ ಹಾಕಿ ಮೂರು ತೆಗೆದೆ. ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿತ್ತು. ಕನ್ನಡಕ ಎರಡು ಹೆಜ್ಜೆ ಆಚೆ ಮೇಜಿನ ಮೇಲಿತ್ತು. ಆ ಎರಡು ಹೆಜ್ಜೆ ಹಾಕಲು ನನಗೆ ಸೋಮಾರಿತನ. ಆ ಹುಡುಗಿ ಈಗ ಒಂದು ಹೆಜ್ಜೆಗೆ ಎಷ್ಟು ದಿನ ಕಾಯಬೇಕೋ.

ಅವತ್ತೇ ಮ್ಯಾನೇಜರ ಬಳಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಆ ಎರಡು ಗುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಆಮೇಲೆ ಹತ್ತು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದು ಕನಿಕರ ಗಿಟ್ಟಿಸಲು ಹೇಳುತ್ತಿಲ್ಲ, ಹೆದರಿಕೆಗೆ ಇಳಿಯಲಿಲ್ಲ ಅಷ್ಟೆ.

ಆಫೀಸಿನ ವಿಚಾರಣೆಗೆ ಒಬ್ಬ ಹಳೆಯ ಬಂದೂಕು ರಿಪೇರಿಯವರನ್ನು ಕರೆಸಿದ್ದರು. ಸೈಲೆನ್ಸರ್ ಹಾಕಿದ್ದನ್ನು ಲಾಯದವರು ಕಣ್ಣಾರೆ ಕಂಡಿದ್ದರು, ಹಾಗಾಗಿ ಹಾರಿದ್ದು ವೇಗದ ಗುಂಡೇ ಎಂದು ರಿಪೇರಿಯವರು ಒಂದೇ ಮಾತಿನಲ್ಲಿ ಹೇಳಿದರು. ಹಾರಿದ ಗುಂಡುಗಳ ಖಾಲಿ ಚಿಪ್ಪುಗಳನ್ನು ತಿರುಗಿಸಿ ನೋಡಿ ಪ್ರಯೋಜನವಿರಲಿಲ್ಲ, ಎರಡು ಜಾತಿಗೂ ತಳದಲ್ಲಿ ಒಂದೇ ಮುದ್ರೆ. ಡಬ್ಬಿಯಲ್ಲಿ ಈಗ ಇದ್ದುದೆಲ್ಲ ನಿಧಾನದ್ದು. ಅಣ್ಣನ ಚೀಲದಲ್ಲಾದರೋ ಹಿಂದಿನ ಕೆಲಸದ ವೇಗದ ಡಬ್ಬಿಯೊಂದು ಅರ್ಧ ಉಳಿದಿತ್ತು. ಇನ್ನೇನು ಬೇಕು? ವಯಸ್ಸಾಯಿತು, ಕಿವಿ ಕೇಳಿಸದು, ಕೈಗೆ ಸಿಕ್ಕಿದ್ದು ತುಂಬಿದ್ದಾನೆ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಬಂದೂಕು ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ, ಹಾಕದಿದ್ದರೆ ಪೊಲೀಸಿಗೆ ದೂರು. ಕಾಗದ ಟೈಪಾಗುವವರೆಗೆ ಅವನನ್ನು ಹೊರಗೆ ಕೂರಿಸಿದ್ದರು.

ಕಾರಿಡಾರಿನ ಬೆಂಚಿನ ಮೇಲೆ, ಸಾಲಿನಲ್ಲಿ ಕಾಯುವ ರೋಗಿಯ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ನಾನು ಬಲಗಿವಿಯ ಕಡೆ ಹೋಗಿ ಕೂತೆ. ಅಣ್ಣ, ಒಂದು ವಿಷಯ ಹೇಳಬೇಕು ಎಂದೆ.

"ಗೊತ್ತು ಕಣೇ," ಎಂದ. "ಬಣ್ಣ ಬೇರೆ ಇತ್ತು. ತುಂಬೋವಾಗಲೇ ನೋಡ್ದೆ."

ನೋಡಿದ ಮೇಲೂ ಯಾಕೆ ಹಾಕಿದೆ ಎಂದು ಕೇಳಿದೆ.

"ನೀನು ಕೊಟ್ಟಿದ್ದಲ್ವಾ. ಹೊಸ ಥರದ್ದು ಬಂದಿರಬೇಕು ಅಂದ್ಕೊಂಡೆ. ಹದಿನಾರು ವರ್ಷದಲ್ಲಿ ನಿನ್ನ ಡಬ್ಬೀನ ಒಂದ್ಸಲನಾದ್ರೂ ಎಣಿಸಿದೀನಾ ನಾನು?" ಭುಜ ಸವರಿಕೊಂಡು, "ಹಾರಿದ ಕೂಡ್ಲೇ ಭುಜಕ್ಕೆ ಗೊತ್ತಾಯ್ತು. ಕಿವಿಗೆ ಆಗಲಿಲ್ಲ," ಎಂದ.

ಮತ್ತೆ ಒಳಗೆ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನನ್ನೇ ಗದರಿದೆ. ತಪ್ಪು ಮಾಡಿದವಳಿಗೆ ಗದರುವುದೊಂದು ಕಡಿಮೆಯಾಗಿತ್ತು.

"ನಂದು ಹೇಗಿದ್ರೂ ಇನ್ನೊಂದು ವರ್ಷದ ಸರ್ವೀಸು. ನಿಂಗೆ ಮಗಳ ಓದು ಇದೆ. ಸುಮ್ನೆ ಮನೆಗೆ ಹೋಗು."

ಒಳಗಿನಿಂದ ಕರೆ ಬಂತು. ಅವನು ಎದ್ದು ಹೋದ. ನಾನು ಕೂತೇ ಇದ್ದೆ. ನಾಚಿಕೆಯಾಗಬೇಕು, ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆದದ್ದು ಸಮಾಧಾನ. ಬದುಕಿಕೊಂಡೆ ಎಂದುಕೊಂಡೆ. ಪರ್ಸ್ ಹೆಗಲಿಗೇರಿಸಿ ಮೆಟ್ಟಿಲ ತನಕ ನಡೆದೂ ಬಿಟ್ಟೆ. ಹಿಂದೆ ತೆರೆದ ಬಾಗಿಲಿನಿಂದ ಮ್ಯಾನೇಜರ ದನಿ ಕೇಳುತ್ತಿತ್ತು. ಕಾಗದವನ್ನು ಓದಿ ಹೇಳುತ್ತಿದ್ದರು: ನನ್ನ ಅಜಾಗರೂಕತೆಯಿಂದ, ನನ್ನ ಕಿವಿಯ ದೋಷವನ್ನು ಮುಚ್ಚಿಟ್ಟು. ನನ್ನಣ್ಣ ಯಾವತ್ತೂ ಏನನ್ನೂ ಮುಚ್ಚಿಟ್ಟವನಲ್ಲ. ಮುಚ್ಚಿಟ್ಟದ್ದು ನನ್ನ ಹೆಗಲ ಮೇಲಿತ್ತು.

ವಾಪಸು ಹೋದೆ. ಅಣ್ಣ ಪೆನ್ನು ಹಿಡಿದಿದ್ದ, ಹೆಸರಿನ ಮೊದಲ ಅಕ್ಷರ ಬರೆದಾಗಿತ್ತು. ನಾನು ಕರವಸ್ತ್ರ ಬಿಚ್ಚಿ ಎರಡು ಗುಂಡುಗಳನ್ನು ಆ ಕಾಗದದ ಮೇಲೆ ಇಟ್ಟೆ. ಇವು ಆ ಡಬ್ಬಿಯವು, ಹಾಕಿದ್ದು ನಾನು, ತೆಗೆದು ಬಚ್ಚಿಟ್ಟಿದ್ದೂ ನಾನು ಎಂದೆ. ದನಿ ಚಿಲಕ ಹಾಕಿದಷ್ಟೂ ಬರಲಿಲ್ಲ. ಆದರೂ ಮ್ಯಾನೇಜರಿಗೆ ಕೇಳಿಸಿತು, ರಿಪೇರಿಯವರಿಗೂ ಕೇಳಿಸಿತು. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

ನಾನು ನಿಂತದ್ದು ಅಣ್ಣನ ಎಡಗಡೆಗೆ. ಅವನು ಗುಂಡು ನೋಡಿದ, ನನ್ನ ಮುಖ ನೋಡಿದ, ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಏನಂದ್ಲು ಇವ್ಳು?" ಎಂದು ಕೇಳಿದ.

ನಾನು ಮೇಜು ಸುತ್ತಿ ಅವನ ಬಲಗಡೆಗೆ ಹೋಗಿ ನಿಂತು, ಇನ್ನೊಂದು ಸಲ, ಕಾರಿಡಾರಿನ ತುದಿಯವರೆಗೂ ಕೇಳುವ ಹಾಗೆ ಹೇಳಿದೆ.