ಎರಡನೇ ಗಂಟು

ಟಾರ್ಚು ಒಂದೇ ಸಲ ಮಿಂಚಿತು, ಅಂದರೆ ನಿಲ್ಲಿಸು, ಕಾಲಿಗೆ ಹಲಗೆ ಸಿಕ್ಕಿತು, ಸರಿ, ರಾಟೆಗೆ ಕೊಂಡಿ ಹಾಕಿದೆ, ಕಣಜದ ಬಾಯಿಂದ ಗೋಧಿಯ ದೂಳು ಮೇಲೆದ್ದು ಮೂಗಿಗೆ ಅಡರುತ್ತಿದೆ, ಇಪ್ಪತ್ತು ಅಡಿ ಕೆಳಗೆ ಗೋಡೆಗೆ ಬಡಿದ ಆ ಕಿರಿದಾದ ಹಲಗೆಯ ಮೇಲೆ ನನ್ನ ತಮ್ಮ ನಿಂತಿದ್ದಾನೆ, ಅವನ ಕೆಳಗೆ ಇನ್ನೂ ನಲವತ್ತು ಅಡಿ ಬರಿಯ ಕತ್ತಲು, ಗೋಡೆಗೆ ಕಚ್ಚಿಕೊಂಡ ಗೋಧಿಯನ್ನು ಸಲಿಕೆಯಿಂದ ಕೆಡವಿ ಬರಬೇಕು, ಅರ್ಧ ಗಂಟೆಯ ಕೆಲಸ, ಈ ತೂತಿನಲ್ಲಿ ತೂರುವಷ್ಟು ಸಣಕಲು ಇಡೀ ಗಿರಣಿಯಲ್ಲಿ ಅವನೊಬ್ಬನೇ, ಅದಕ್ಕೇ ಎಲ್ಲರಿಗೂ ಅವನು ಗುಬ್ಬಿ — ಯಂತ್ರಗಳ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಕೇಳದು, ಟಾರ್ಚಿನದೇ ಮಾತು, ಒಂದು ಮಿಂಚಿಗೆ ನಿಲ್ಲಿಸು, ಎರಡಕ್ಕೆ ಇಳಿಸು, ಮೂರಕ್ಕೆ ಎತ್ತು, ಭಾರ ಹಲಗೆಯ ಮೇಲಿರುವುದರಿಂದ ಹಗ್ಗ ಈಗ ಸಡಿಲವಾಗಿದೆ, ಸಡಿಲ ಅಂದುಕೊಂಡದ್ದೇ ತಡ ನೆನಪಾಯಿತು, ಎರಡನೇ ಗಂಟು, ನಾನು ಎರಡನೇ ಗಂಟು ಹಾಕಿದೆನಾ? ಅವನ ಎದೆಗೆ ಬಿಗಿದ ಬೆಲ್ಟಿನ ಬಳೆಗೆ ಮೊದಲನೆಯದು ಹಾಕಿದ್ದು ನೆನಪಿದೆ, ಭಾರ ಇರುವ ತನಕ ಅದು ಜಗ್ಗುವುದಿಲ್ಲ, ಸಡಿಲ ಬಿಟ್ಟು ಅಲ್ಲಾಡಿಸಿದರೆ ಜಾರುತ್ತದೆ, ಅದಕ್ಕೇ ಎರಡನೆಯದು, ಉಳಿದ ತುದಿಯನ್ನು ಹಿಡಿದಿಡುವುದಕ್ಕೆ, ಆ ತುದಿ, ಗೇಣುದ್ದದ ತುದಿ, ಅದನ್ನು ಕೈಯಲ್ಲಿ ಹಿಡಿದದ್ದು ನೆನಪಿದೆ, ಆಮೇಲೆ?

ಆಮೇಲೆ ನಿನ್ನೆ ಊಟದ ಹೊತ್ತಿನ ಮಾತು ತಲೆಗೆ ಬಂತು, ಅಷ್ಟೇ, ನಾನು ಭಾನುವಾರದ ಪಾಠಕ್ಕೆಂದು ಬೊಂಬೆಯ ಚಾಪೆಗೆ ನಾಲ್ಕು ದಾರ ಕಟ್ಟುತ್ತಿದ್ದೆ, ನಾಲ್ವರು ಗೆಳೆಯರು ಪಾರ್ಶ್ವವಾಯು ಬಡಿದವನನ್ನು ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಸಿಗದೆ, ಮನೆಯ ಮಾಡು ಕಿತ್ತು ಮೇಲಿಂದ ಯೇಸುವಿನ ಮುಂದೆ ಇಳಿಸಿದ ಕಥೆ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನೆ, ಗುಬ್ಬಿ ಅನ್ನ ಕಲಸುತ್ತಾ ಕೇಳಿದ, ಅಣ್ಣಾ, ಯೇಸು ನೋಡಿದ್ದು ಮೇಲಿದ್ದವರ ನಂಬಿಕೆಯನ್ನ ತಾನೇ, ಚಾಪೆ ಮೇಲಿದ್ದವನಿಗೆ ನಂಬಿಕೆ ಇತ್ತಾ, ಬರೆದಿಲ್ವಲ್ಲ? ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಚರ್ಚಿನ ಕಡೆ ತಲೆ ಹಾಕದವನು, ಅವಳು ಜ್ವರದಲ್ಲಿ ಮಲಗಿದ್ದಾಗ ನಾನು ಹತ್ತು ದಿನ ಉಪವಾಸವಿದ್ದೆ, ನಂಬು, ನಂಬಿದರೆ ಸಾಕು ಎಂದು ಅವನ ಹೆಗಲು ತಟ್ಟಿದೆ, ಆ ನಂಬು ಎನ್ನುವ ಮಾತಿಗೆ ಅವನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ, ಉತ್ತರ ಕೊಡಲೇಬೇಕೆಂದು ರಾತ್ರಿಯೆಲ್ಲ ಪುಟ ತಿರುವಿದೆ, ಬೆಳಿಗ್ಗೆ ಹಗ್ಗ ಕಟ್ಟುತ್ತಿರುವಾಗಲೇ ಒಳ್ಳೇ ಉತ್ತರವೊಂದು ಹೊಳೆಯಿತು, ಹೊಳೆದ ಖುಷಿಗೆ ನನ್ನ ಕೈ — ಕಟ್ಟಿದವನು ಕಟ್ಟಿದ ಮೇಲೆ ಇಳಿಯುವವನು ಎಳೆದು ನೋಡಬೇಕು, ಅದು ನಮ್ಮ ಕೆಲಸದ ಕಟ್ಟಳೆ, ಅವನು ನೋಡಲಿಲ್ಲ, ನೋಡ್ಕೊಳ್ಳೋ ಎಂದರೆ ನೀನು ಕಟ್ಟಿದ್ದೀಯಲ್ಲ ಅಂದ, ಸಿಳ್ಳೆ ಹಾಕುತ್ತಾ ತೂತಿಗೆ ಕಾಲು ಇಳಿಬಿಟ್ಟ, ನನ್ನ ದೇವರನ್ನು ನಂಬದವನು ನನ್ನ ಗಂಟನ್ನು ನಂಬಿದ, ಆ ಉತ್ತರ ಏನೆಂದು ಈಗ ನೆನಪೂ ಇಲ್ಲ.

ಗಂಟು ನೋಡಿಕೋ ಎನ್ನುವುದಕ್ಕೆ ನಮ್ಮಲ್ಲಿ ಮಿಂಚಿಲ್ಲ, ಗೋಡೆಯ ಮೇಲೆ ಕೆಂಪು ಗುಂಡಿ ಇದೆ, ಒತ್ತಿದರೆ ಇಡೀ ಗಿರಣಿ ನಿಲ್ಲುತ್ತದೆ, ಕೂಗಿದರೆ ಅವನಿಗೆ ಕೇಳುತ್ತದೆ, ಎಲ್ಲರಿಗೂ ಕೇಳುತ್ತದೆ, ಮೇಸ್ತ್ರಿ ಮೆಟ್ಟಿಲು ಹತ್ತಿ ಬರುತ್ತಾನೆ, ಏನಯ್ಯಾ, ಉಪದೇಶಿಗಳಿಗೆ ಗಂಟು ಹಾಕೋಕೂ ಬರಲ್ವಾ — ಕರ್ತನೇ, ಹಾಕಿದ್ದರೂ ಹಾಕಿರಬಹುದು, ಕೈಗೆ ಅಭ್ಯಾಸವಿದೆ, ತಾನಾಗಿ ಹಾಕಿರುತ್ತದೆ, ಕರ್ತನೇ, ಹಾಕಿರುವಂತೆ ಮಾಡು, ಥೂ, ಪ್ರಾರ್ಥನೆ ಮಾಡುತ್ತಿದ್ದೇನೆ, ಗುಂಡಿ ಮಾರುದ್ದ ದೂರದಲ್ಲಿದೆ, ನಾನು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡುತ್ತಿದ್ದೇನೆ, ಆ ನಾಲ್ವರು ಮಾಡಿನ ಮೇಲೆ ಮೊಣಕಾಲೂರಿ ಕೂತರೆಂದು ಎಲ್ಲಿ ಬರೆದಿದೆ, ಕಿತ್ತರು, ಪರರ ಮನೆಯ ಮಾಡನ್ನು ಹಾಡಹಗಲೇ ಕಿತ್ತರು, ಮನೆಯವನು ಬೈದಿರಬೇಕು, ಕೂತವರ ತಲೆಯ ಮೇಲೆ ಮಣ್ಣು ಉದುರಿರಬೇಕು, ಅವರಿಗೆ ನಾಚಿಕೆಯಾಗಲಿಲ್ಲ, ಮಿಂಚು, ಒಂದು, ಎರಡು, ಮೂರು, ಇಷ್ಟು ಬೇಗ ಯಾಕೆ, ಕೆಲಸ ಮುಗಿದಿರಲಾರದು, ಮತ್ತೆ ಮೂರು, ಅವಸರದ ಮೂರು — ಒತ್ತಿದೆ.

ಗದ್ದಲ ನಿಂತಿತು, ಕಿವಿ ಗುಂಯ್ ಎನ್ನುತ್ತಿದೆ, ಗುಬ್ಬೀ, ಅಲ್ಲಾಡಬೇಡ, ಗಂಟು ನೋಡ್ಕೋ, ಎರಡನೇದು ನಾನು ಹಾಕಿಲ್ಲ ಅನ್ಸುತ್ತೆ, ಕಣಜದೊಳಗೆ ನನ್ನ ದನಿಯೇ ಸುತ್ತಿ ಸುತ್ತಿ ಇಳಿಯಿತು, ಕೆಳಗಿನಿಂದ ಕೊನೆಗೂ ಅವನ ದನಿ, ಹಾಕಿಲ್ಲ ಅಣ್ಣಾ, ತುದಿ ನೇತಾಡ್ತಿದೆ, ಹಾಗಾದ್ರೆ ಹಾಕ್ಕೋ ಅಂದೆ, ಆಗಲ್ಲ, ಹಲಗೆ ಒಂದು ಕಡೆ ಕಿತ್ಕೊಂಡಿದೆ, ಎರಡೂ ಕೈಲಿ ಗೋಡೆ ಹಿಡ್ಕೊಂಡಿದೀನಿ, ಇನ್ನೊಂದು ಹಗ್ಗ ತರ್ತೀನಿ ಕಣೋ, ಅಲ್ಲೀವರೆಗೆ ಇದು ನಿಲ್ಲಲ್ಲ, ಅಣ್ಣಾ, ಒಂದನೇದು ತಡೆಯುತ್ತಾ, ಹೇಳು — ನಂಬು, ಎಂದು ಬಾಯಿಗೆ ಬಂತು, ಇಪ್ಪತ್ತು ವರ್ಷ ಹೇಳಿ ಹೇಳಿ ಸವೆದ ಮಾತು ನಾಲಿಗೆಯ ತುದಿಯವರೆಗೆ ಬಂತು, ನುಂಗಿದೆ, ಗೊತ್ತಿಲ್ಲ ಕಣೋ, ನಂಗೆ ಗೊತ್ತಿಲ್ಲ, ಅಂದೆ, ಅಳುತ್ತಿದ್ದೆನೇನೋ, ಮೆಟ್ಟಿಲ ಮೇಲೆ ಮೇಸ್ತ್ರಿಯ ಬೂಟು ಕೇಳುತ್ತಿದೆ, ಬರಲಿ, ಕೆಳಗಿನಿಂದ ಗುಬ್ಬಿ, ಮೆಲ್ಲಗೆ, ಸರಿ, ನೀನು ಎತ್ತು, ಕೊಂಡಿ ಬಿಚ್ಚಿ ರಾಟೆಯ ಹಿಡಿ ತಿರುಗಿಸಿದೆ, ಸಡಿಲ ಹಗ್ಗ ಒಳಗೆ ಬರುತ್ತಿದೆ, ಒಂದು ಮೊಳ, ಇನ್ನೊಂದು ಮೊಳ, ಇನ್ನೂ ಭಾರವಿಲ್ಲ, ಇನ್ನೂ ಇಲ್ಲ, ಈಗ ಅವನು ಗೋಡೆಯಿಂದ ಕೈ ಬಿಡಬೇಕು, ಬಿಟ್ಟ, ಹಗ್ಗ ಒಮ್ಮೆ ಜಗ್ಗಿ ನೆಟ್ಟಗಾಯಿತು, ಭಾರ ಬಂತು, ಅವನ ಪೂರಾ ಭಾರ ನನ್ನ ಎರಡು ಕೈಗೆ ಬಂತು, ತಿರುಗಿಸು, ತಿರುಗಿಸು, ಏನೂ ಕಾಣುತ್ತಿಲ್ಲ, ದೂಳು, ದೂಳಿನೊಳಗೆ ಎಲ್ಲೋ ಅವನ ಎದೆಯ ಹತ್ತಿರ ಆ ತುದಿ, ಗೇಣುದ್ದದ ತುದಿ, ಇನ್ನು ಗೇಣು ಇದೆಯೋ, ಬೆರಳಷ್ಟೇ ಉಳಿದಿದೆಯೋ, ತಿರುಗಿಸು, ತುದಿ, ನೇತಾಡುವ ಆ ತುದಿ