ವಿಮಾನದ ನಾಗಲಿಂಗಪ್ಪ

ವಾಯುಪಡೆಯ ಹತ್ತೊಂಬತ್ತು ವರ್ಷದಲ್ಲಿ ನಾನು ಏರಿದ್ದು ಒಂದೇ ಒಂದು ಏಣಿ, ಅದೂ ಉಗ್ರಾಣದಲ್ಲಿ ಹಿಟ್ಟಿನ ಚೀಲ ಇಳಿಸಲು. ಪೈಲಟ್‌ಗಳ ಮೆಸ್ಸಿನಲ್ಲಿ ನಾನು ಅಡುಗೆಯವ. ಆದರೆ ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ ಹುನಗುಂದಕ್ಕೆ ನಾನು ‘ವಿಮಾನದ ನಾಗಲಿಂಗಪ್ಪ’. ವಿಮಾನ ಹಾರಿಸಿದ್ದೇನೆಂದು ನಾನಾಗಿ ಯಾವತ್ತೂ ಹೇಳಿಲ್ಲ. ಜನ ಹಾಗೆ ತಿಳಿದಾಗ ಮೀಸೆ ತಿರುವಿದ್ದೇನೆ, ಅಷ್ಟೇ.

ಊರಿನ ನಿಜವಾದ ಪೈಲಟ್ ಪ್ರವೀಣಕುಮಾರ. ನಾನು ನಿವೃತ್ತನಾದ ವಾಯುನೆಲೆಯಲ್ಲೇ ಅವನಿದ್ದ. ರಜೆಗೆ ಬಂದಾಗ ಮಲೀಕಸಾಬನ ಚಹಾದಂಗಡಿಯಲ್ಲಿ ಕೂತು ನನ್ನ ಬಡಾಯಿ ಕೇಳುತ್ತಿದ್ದ. ಒಮ್ಮೆಯೂ ತುಟಿ ಬಿಚ್ಚಲಿಲ್ಲ.

ಮಂಗಳವಾರ ಬೆಳಿಗ್ಗೆ ಅದೇ ಅಂಗಡಿಯ ಟಿವಿಯಲ್ಲಿ ಸುದ್ದಿ ಬಂತು. ಯುದ್ಧವಿಮಾನವೊಂದು ಇಳಿಯುವಾಗ ರನ್‌ವೇಯಲ್ಲಿ ಉರುಳಿ ಹೊತ್ತಿಕೊಂಡಿದೆ, ಪೈಲಟ್ ಉಳಿದಿಲ್ಲ. ಹೆಸರು ಹೇಳಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ನಾನು ಸುಮ್ಮನಿರಬಹುದಿತ್ತು. ಬದಲಿಗೆ ಚಹಾದ ಬಸಿಯನ್ನೇ ವಿಮಾನ ಮಾಡಿ, ಟೇಬಲ್ಲಿನ ಮೇಲೆ ಇಳಿಸಿ ತೋರಿಸಿ, ಅವಸರ ಮಾಡಿದ್ದಾನೆ, ಪೈಲಟನದೇ ತಪ್ಪು ಎಂದು ತೀರ್ಪು ಕೊಟ್ಟೆ.

ಮಧ್ಯಾಹ್ನ ಹೆಸರು ಬಂತು. ಪ್ರವೀಣಕುಮಾರ. ನನ್ನ ನಾಲಿಗೆ ಕಿತ್ತು ಒಲೆಗೆ ಹಾಕಬೇಕೆನಿಸಿತು.

ಸಂಜೆ ಅವನ ತಾಯಿ ಗುರುಸಿದ್ದವ್ವ ಹೇಳಿಕಳಿಸಿದಳು. ಶವ ಮರುದಿನ ಬರುವುದಿತ್ತು. ಅಂಗಳದ ತುಂಬ ಜನ. ನನ್ನ ತೀರ್ಪು ಅವಳ ಕಿವಿಗೂ ಬಿದ್ದಿರಬೇಕೆಂದು ಬೆವರುತ್ತ ಎದುರಿಗೆ ಕೂತೆ. ಅವಳು ಕೇಳಿದ್ದು ಬೇರೆ.

“ನಾಗಲಿಂಗಪ್ಪಾ, ನಸುಕಿನ್ಯಾಗ ಹಾರ್ಯಾನಂತ. ನನ್ನ ಮಗ ಹಸಕೊಂಡ ಹೋಗ್ಯಾನೇನಪಾ?”

ವಿಮಾನದ ವಿಷಯದಲ್ಲಿ ನನಗೆ ನಿಜವಾಗಿ ಗೊತ್ತಿದ್ದುದು ಅದೊಂದೇ. ಆದರೆ ಹೇಗೆ ಗೊತ್ತೆಂದು ಹೇಳದಿದ್ದರೆ ಅವಳು ನಂಬುವುದು ಹೇಗೆ? ಇಡೀ ಊರು ಕೇಳುತ್ತಿತ್ತು.

“ಇಲ್ಲ ಅಕ್ಕಾ. ಖಾಲಿ ಹೊಟ್ಟೀಲೆ ಯಾರನ್ನೂ ವಿಮಾನ ಹತ್ತಿಸೂದಿಲ್ಲ. ಎಷ್ಟ ನಸುಕಿದ್ರೂ ಎದ್ದು ಮಾಡಿ, ಎದುರಿಗೆ ನಿಂತು ತಿನಿಸಿ ಕಳಸ್ತಾರ. ಆ ಕೆಲಸಾ ಮಾಡಾಂವ ನಾನ ಇದ್ದೆ. ನಾ ಪೈಲಟ್ ಅಲ್ಲ, ಅಡಗಿಯಂವ.”

ಯಾರೂ ನಗಲಿಲ್ಲ. ಗುರುಸಿದ್ದವ್ವ ನನ್ನ ಬಲಗೈ ಹಿಡಿದುಕೊಂಡಳು.

“ಗೊತ್ತೈತಪಾ. ಅದಕ್ಕ ನಿನ್ನ ಕರಿಸೀನಿ. ಯಾರ ಮುಂದೂ ಹೇಳಬ್ಯಾಡವ್ವಾ, ಮಂದ್ಯಾಗ ಕಾಕಾನ ಮರ್ಯಾದಿ ಹೋಗ್ತೈತಿ ಅಂದಿದ್ದ ನನ್ನ ಮಗ.”

ಬೆಳಿಗ್ಗೆ ಬಸಿ ಹಾರಿಸಿದ್ದೂ ಅದೇ ಕೈ. ಬಿಡಿಸಿಕೊಳ್ಳಲಾಗದೆ ಅಲ್ಲೇ ಕೂತು ಅತ್ತೆ.